ಹಾಟ್ ಟಬ್‌ಗೆ ಕೊಂಡಿದ್ದು, ಹಾಕಿದ್ದು, ಎಸೆದಿದ್ದು: 110 ದಿನಗಳ ಕೆಮಿಕಲ್ ಲೆಕ್ಕ

ಮನೆಗೆ ಹಾಟ್ ಟಬ್, ಅಂದರೆ ಬಿಸಿನೀರಲ್ಲಿ ಕೂರೋ ತೊಟ್ಟಿ, ಬಂದು ಇವತ್ತಿಗೆ 110 ದಿನ. ನಾಲ್ಕು ಸಲ ನೀರು ತುಂಬಿಸಿದ್ದೇನೆ. ಅದರಲ್ಲಿ ಎರಡು ಸಲದ ನೀರು ನನ್ನ ದಡ್ಡತನಕ್ಕೇ ಚರಂಡಿ ಸೇರಿತು. ಟಬ್ ಕೂರಿಸಿದ್ದು, ವೈರಿಂಗ್ ಮಾಡಿದ್ದು ಎಲ್ಲ ಬೇರೆಯವರು, ಅದರ ಬಗ್ಗೆ ನನಗೆ ಹೇಳೋಕೆ ಏನಿಲ್ಲ. ಇದು ನೀರಿಗೆ ಏನು ಹಾಕಬೇಕು, ಎಷ್ಟು ತಂದಿಟ್ಟುಕೊಳ್ಳಬೇಕು, ಎಲ್ಲಿ ಇಡಬೇಕು ಅನ್ನೋದರ ಲೆಕ್ಕ ಮಾತ್ರ. ನೋಟ್‌ಬುಕ್‌ನಲ್ಲಿ ಅವತ್ತವತ್ತೇ ಗೀಚಿದ್ದನ್ನು ಸ್ವಲ್ಪ ಸರಿಮಾಡಿ ಬರೆದಿದ್ದೇನೆ. ತಪ್ಪುಗಳನ್ನು ಹಾಗೇ ಬಿಟ್ಟಿದ್ದೇನೆ.

ದಿನ 1: ಅಳತೆ, ಮತ್ತು ಬೇಡದ್ದೆಲ್ಲ ತಂದಿದ್ದು

ಮೊದಲು ಒಂದು ಒಳ್ಳೆ ಕೆಲಸ ಮಾಡಿದೆ, ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಹೇಳೋಕೆ ಜಾಸ್ತಿ ಒಳ್ಳೇದು ಸಿಗುವುದಿಲ್ಲ. ಪೈಪಿನಿಂದ 20 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ನೋಡಿದೆ. 75 ಸೆಕೆಂಡ್. ಟಬ್ ತುಂಬಲು 75 ನಿಮಿಷ ಹಿಡಿಯಿತು. ಅಂದರೆ 60 ಬಕೆಟ್, 1200 ಲೀಟರ್. ಜೊತೆಗೆ ಬಂದ ಪುಸ್ತಕದಲ್ಲಿ 1400 ಅಂತ ಇದೆ. ಅದು ಬಾಯಿ ತನಕ ತುಂಬಿದರೆ ಇರಬೇಕು, ಹಾಗೆ ಯಾರೂ ತುಂಬಿಸಲ್ಲ. ಪುಸ್ತಕ ನಂಬಿದ್ದರೆ ಪ್ರತಿ ಸಲವೂ ಆರನೇ ಒಂದು ಪಾಲು ಜಾಸ್ತಿ ಹಾಕುತ್ತಿದ್ದೆ.

ಈ 1200 ಅನ್ನೋ ಅಂಕಿ ಗೊತ್ತಾದರೆ ಮುಂದಿನ ಲೆಕ್ಕ ಸುಲಭ. 1 ಪಿಪಿಎಂ ಅಂದರೆ ಲೀಟರಿಗೆ 1 ಮಿಲಿಗ್ರಾಂ. 1200 ಲೀಟರಿಗೆ 1.2 ಗ್ರಾಂ ಕ್ಲೋರಿನ್, ನೀರಿನ ಕೀಟಾಣು ಕೊಲ್ಲೋದು ಅದೇ. ಇದನ್ನು ಟಬ್ ಪಕ್ಕದ ಗೋಡೆ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ.

ಆಮೇಲೆ ಅಂಗಡಿ. ನೀರಿನ ಗುಣ ಏನು ಅಂತ ನೋಡೋಕೆ ಮುಂಚೆಯೇ ಹೋದೆ. ತಂದಿದ್ದು ಇಷ್ಟು: 5 ಕೆಜಿ ಡೈಕ್ಲೋರ್ ಪುಡಿ (ಬೇಗ ಕರಗೋ ಕ್ಲೋರಿನ್), 200 ಗ್ರಾಂ ತೂಕದ ಟ್ರೈಕ್ಲೋರ್ ಬಿಲ್ಲೆಗಳು (ನಿಧಾನವಾಗಿ ಕರಗೋ ಕ್ಲೋರಿನ್) ಒಂದು ಕೆಜಿ, ಅವುಗಳನ್ನು ಇಡೋ ತೇಲುವ ಡಬ್ಬಿ, ಅರ್ಧ ಕೆಜಿ ಕ್ಯಾಲ್ಸಿಯಂ ಹೈಪೋಕ್ಲೋರೈಟ್ (ಇದೂ ಒಂದು ಬಗೆಯ ಕ್ಲೋರಿನ್), ಕ್ಲೋರಿನ್ ಇಲ್ಲದ ಶಾಕ್ ಪುಡಿ (ನೀರಿನ ಕೊಳೆ ಸುಡೋದು), ಪಿಎಚ್ ಏರಿಸೋದು, ಪಿಎಚ್ ಇಳಿಸೋ ಡ್ರೈ ಆಸಿಡ್, ಆಲ್ಕಲಿನಿಟಿ (ನೀರು ಎಷ್ಟು ಆಸಿಡ್ ತಾಳಿಕೊಳ್ಳುತ್ತೆ ಅನ್ನೋ ಅಳತೆ) ಏರಿಸೋದು, ಕ್ಯಾಲ್ಸಿಯಂ ಏರಿಸೋದು, ನೀರು ತಿಳಿ ಮಾಡೋದು, ನೊರೆ ಇಳಿಸೋದು. ಜೊತೆಗೆ 50 ಟೆಸ್ಟ್ ಪಟ್ಟಿ, ಒಂದು ಸಾದಾ ಹನಿ ಕಿಟ್. ಹನ್ನೊಂದು ಡಬ್ಬಿ! ಮದುವೆ ಮನೆಗೆ ಸಾಮಾನು ತಂದ ಹಾಗೆ.

ಮನೆಗೆ ಬಂದು ನೀರು ಪರೀಕ್ಷೆ ಮಾಡಿದರೆ ಪಿಎಚ್ 7.6, ಆಲ್ಕಲಿನಿಟಿ 110, ಕ್ಯಾಲ್ಸಿಯಂ ಗಡಸುತನ 120. ಅಂದರೆ ಏರಿಸೋ ಡಬ್ಬಿ ಮೂರೂ ಬೇಕಾಗಿರಲಿಲ್ಲ. ಅವು ಇವತ್ತಿಗೂ ಸೀಲ್ ಒಡೆಯದೆ ಕೂತಿವೆ. ಆಲ್ಕಲಿನಿಟಿ ಏರಿಸೋ ಡಬ್ಬಿಯ ಹಿಂದೆ ಓದಿದರೆ ಒಳಗಿರೋದು ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾ. ನನ್ನ ಟಬ್‌ನಲ್ಲಿ ಆಲ್ಕಲಿನಿಟಿ 10 ಏರಿಸೋಕೆ ಅದು 20 ಗ್ರಾಂ ಸಾಕು.

ದಿನ 2 ಮತ್ತು 3: ಬಿಲ್ಲೆಯ ಕಥೆ

ದಿನಾ ಪುಡಿ ಅಳೆದು ಹಾಕೋದು ಯಾರಿಗೆ ಬೇಕು, ಬಿಲ್ಲೆ ತೇಲಿಬಿಟ್ಟರೆ ತಾನೇ ನೋಡಿಕೊಳ್ಳುತ್ತೆ ಅಂದುಕೊಂಡೆ. ಸಂಜೆ ತೇಲು ಡಬ್ಬಿಯಲ್ಲಿ ಒಂದು ಟ್ರೈಕ್ಲೋರ್ ಬಿಲ್ಲೆ ಇಟ್ಟು, ಮುಚ್ಚಳ ಮುಚ್ಚಿ, ನೀರು 38 ಡಿಗ್ರಿಗೆ ಬಿಟ್ಟು ಮಲಗಿದೆ.

ಬೆಳಗ್ಗೆ ಟೆಸ್ಟ್ ಪಟ್ಟಿ ಅದ್ದಿದೆ. ಕ್ಲೋರಿನ್ ಚೌಕ ಬಿಳಿ. ಸೊನ್ನೆ. ಬಿಲ್ಲೆ ಇನ್ನೂ ಕರಗಿಲ್ಲ ಅಂದುಕೊಂಡು 20 ಗ್ರಾಂ ಡೈಕ್ಲೋರ್ ಹಾಕಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಬಿಳಿ. ಹನಿ ಕಿಟ್ ತೆಗೆದೆ. ಹನಿ ಬಿದ್ದ ಕ್ಷಣ ಗುಲಾಬಿ ಬಣ್ಣ ಮಿಂಚಿ ಹಾಗೇ ಮಾಯವಾಯಿತು, ಕಣ್ಣಿನ ಭ್ರಮೆ ಅಂತ ಬಿಟ್ಟೆ. ಪಿಎಚ್ ನೋಡಿದರೆ ಕಡು ನೇರಳೆ. ಕಾರ್ಡಿನಲ್ಲಿ ಆ ಬಣ್ಣವೇ ಇಲ್ಲ. 8.2ಕ್ಕಿಂತ ಜಾಸ್ತಿ ಇರಬೇಕು ಅಂತ 30 ಗ್ರಾಂ ಡ್ರೈ ಆಸಿಡ್ ಸುರಿದೆ.

ಮಧ್ಯಾಹ್ನ ಮುಚ್ಚಳ ಎತ್ತಿದರೆ ಕಣ್ಣು ಉರಿ, ಗಂಟಲು ಕೆರೆತ. ಆಗ ಬುದ್ಧಿ ಓಡಿತು. ಒಂದು ಪಾಲು ಟಬ್ ನೀರಿಗೆ ಒಂಬತ್ತು ಪಾಲು ಬಾಟಲಿಯ ಕುಡಿಯೋ ನೀರು ಬೆರೆಸಿ ಪರೀಕ್ಷೆ ಮಾಡಿದೆ. 3 ತೋರಿಸಿತು. ಹತ್ತರಿಂದ ಗುಣಿಸಿದರೆ 30 ಪಿಪಿಎಂ!

ಆಗಿದ್ದು ಇಷ್ಟೇ. ಕ್ಲೋರಿನ್ 10ಕ್ಕಿಂತ ತುಂಬಾ ಮೇಲೆ ಹೋದರೆ ಅದು ಟೆಸ್ಟಿನ ಬಣ್ಣವನ್ನೇ ತಿಂದುಹಾಕುತ್ತೆ. ಸೊನ್ನೆ ಅಂತ ಕಾಣುತ್ತೆ. ಪಿಎಚ್ ನೋಡೋ ಕೆಂಪು ದ್ರವವನ್ನೂ ಕೆಡಿಸಿ ನೇರಳೆ ಮಾಡುತ್ತೆ. ಅಂದರೆ ಎರಡೂ ಟೆಸ್ಟ್ ಉಲ್ಟಾ ಹೇಳಿದವು, ನಾನು ಎರಡನ್ನೂ ನಂಬಿ ಎರಡು ಸಲ ತಪ್ಪು ಮಾಡಿದೆ. ಟ್ರೈಕ್ಲೋರ್ ತಾನೇ ಹುಳಿ, ಪಿಎಚ್ 3ರ ಹತ್ತಿರ, ಅದರ ಮೇಲೆ ನಾನು ಇನ್ನಷ್ಟು ಆಸಿಡ್ ಸುರಿದಿದ್ದು. ಗಾಯದ ಮೇಲೆ ಬರೆ.

ತೇಲು ಡಬ್ಬಿ ರಾತ್ರಿ ಪೂರ್ತಿ ಒಂದು ಮೂಲೆಗೆ ಅಂಟಿಕೊಂಡು ನಿಂತಿತ್ತು. ಅಲ್ಲಿ ಅಕ್ರಿಲಿಕ್ ಮೇಲೆ ಅಂಗೈ ಅಗಲದ ಅರ್ಧಚಂದ್ರ, ನೀಲಿ ಹೋಗಿ ಬೂದು. ಉಗುರಿನಿಂದ ಕೆರೆದರೆ ಸ್ವಲ್ಪ ಒರಟು. ಅದು ಹೋಗಲ್ಲ. ಈಗ ನಾನು ಕೂರೋದೇ ಅದರ ಮೇಲೆ, ಕಾಣಿಸದಿರಲಿ ಅಂತ.

ಈಜುಕೊಳದಲ್ಲಿ ಹತ್ತಾರು ಸಾವಿರ ಲೀಟರ್ ತಣ್ಣೀರಿಗೆ ನಿಧಾನವಾಗಿ ಕರಗೋ ವಸ್ತು ಈ ಟ್ರೈಕ್ಲೋರ್ ಬಿಲ್ಲೆ. 1200 ಲೀಟರ್ ಬಿಸಿನೀರಿಗೆ ಅಲ್ಲ.

ನಾಲ್ಕು ದಿನ ಮುಚ್ಚಳ ತೆರೆದು ಬಿಸಿಲಿಗೆ ಬಿಟ್ಟೆ. ಕ್ಲೋರಿನ್ 1ಕ್ಕಿಂತ ಕೆಳಗಿಳಿದ ಮೇಲೆ ದಿನ 7ಕ್ಕೆ ನೀರು ಚೆಲ್ಲಿದೆ. ಬಿಲ್ಲೆಗಳು ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎರಡೂ ಸೀಲ್ ಇದ್ದಷ್ಟು ವಾಪಸ್ ಕೊಟ್ಟೆ. ಆ ಎರಡನ್ನು ನಾನು ಒಂದೇ ಕೈಚೀಲದಲ್ಲಿ ಹೊತ್ತು ತಂದಿದ್ದೆ ಅನ್ನೋದು ಆಮೇಲೆ ಹೊಳೆದು ಬೆವರು ಬಂತು. ಡೈಕ್ಲೋರ್ ಅಥವಾ ಟ್ರೈಕ್ಲೋರ್ ಜೊತೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಬೆರೆತರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಎರಡೂ ಕ್ಲೋರಿನ್ನೇ ತಾನೆ ಅಂತ ಅನ್ನಿಸುತ್ತೆ ಅಲ್ವಾ? ಹಾಗಲ್ಲ.

ದಿನ 7: ಬ್ರೋಮಿನ್ ಯಾಕೆ ಬೇಡ ಅಂದೆ

ಎರಡನೇ ಸಲ ತುಂಬಿಸುವಾಗ ಒಂದು ಸಂಜೆ ಕೂತು ಯೋಚಿಸಿದೆ. ಕ್ಲೋರಿನ್ ಬದಲು ಹಾಕೋ ಬ್ರೋಮಿನ್ ಕೆಟ್ಟದ್ದಲ್ಲ. ಬಿಸಿನೀರಿಗೆ ಹೊಂದುತ್ತೆ, ಪಿಎಚ್ ಸ್ವಲ್ಪ ಏರಿದರೂ ಕೆಲಸ ಮಾಡುತ್ತೆ, ಬೆವರಿನ ಜೊತೆ ಸೇರಿದ ಮೇಲೂ ಕೀಟಾಣು ಕೊಲ್ಲೋ ಶಕ್ತಿ ಉಳಿಸಿಕೊಳ್ಳುತ್ತೆ, ವಾಸನೆ ಕಡಿಮೆ. ಆದರೆ ಒಮ್ಮೆ ನೀರಿನಲ್ಲಿ ಬ್ರೋಮೈಡ್ ಸೇರಿದರೆ ಆಮೇಲೆ ಹಾಕೋ ಕ್ಲೋರಿನ್ ಎಲ್ಲ ಬ್ರೋಮಿನ್ ಆಗಿಬಿಡುತ್ತೆ. ಮನಸ್ಸು ಬದಲಾಯಿಸಬೇಕು ಅಂದರೆ ನೀರು ಚೆಲ್ಲಲೇಬೇಕು. ಬಿಲ್ಲೆಗಳು ಮತ್ತೆ ತೇಲು ಡಬ್ಬಿಯಲ್ಲೇ, ಆ ಡಬ್ಬಿ ಕಂಡರೆ ನನಗೆ ಆಗುತ್ತಿರಲಿಲ್ಲ.

ಬಿಗ್ವನೈಡ್ ಅನ್ನೋ ಇನ್ನೊಂದು ಕೀಟಾಣುನಾಶಕವನ್ನೂ ನೋಡಿದೆ. ಅದು ಕ್ಲೋರಿನ್ ಜೊತೆಯೂ ಸೇರಲ್ಲ, ಬ್ರೋಮಿನ್ ಜೊತೆಯೂ ಸೇರಲ್ಲ. ಬೇಡ. ಟಬ್‌ನಲ್ಲಿ ಓಝೋನ್ ಯಂತ್ರ ಇದೆ, ಅದೊಂದೇ ಸಾಲದು, ಓಝೋನ್ ನೀರಿನಲ್ಲಿ ನಿಲ್ಲೋದಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೂ ನಿಜವಾಗಿ ತೀರ್ಮಾನ ಮಾಡಿದ್ದು ಮೂಲೆಯಲ್ಲಿದ್ದ 5 ಕೆಜಿ ಡಬ್ಬ. ಡೈಕ್ಲೋರ್ ಹೇಗೂ ಇದೆ, ಅದೇ ಹಾಕೋಣ. ಪಿಎಚ್ ಜಾಸ್ತಿ ಕದಲಿಸಲ್ಲ, ಬೇಗ ಕರಗುತ್ತೆ. ತಪ್ಪಲ್ಲ ಅನ್ನಿಸಿತು.

ನನ್ನ ಡಬ್ಬದ ಪುಡಿಯಲ್ಲಿ ನೂರಕ್ಕೆ 56ರಷ್ಟು ಕ್ಲೋರಿನ್. ಅಂದರೆ 1 ಪಿಪಿಎಂ ಏರಿಸೋಕೆ 2.1 ಗ್ರಾಂ ಚಿಲ್ಲರೆ. ತಲೆ ಸವರಿದ ಒಂದು ಟೀ ಚಮಚ ಸುಮಾರು 5 ಗ್ರಾಂ ತೂಗುತ್ತೆ. ನಾವಿಬ್ಬರು ಅರ್ಧ ಗಂಟೆ ಕೂತು ಎದ್ದರೆ ಬೆಳಗ್ಗೆಗೆ 7 ಪಿಪಿಎಂ ಖರ್ಚಾಗಿರುತ್ತೆ. ಹಾಗಾಗಿ ಎದ್ದ ತಕ್ಷಣ ಮೂರು ಚಮಚ, 15 ಗ್ರಾಂ. ಕೂರದ ದಿನ 4 ಗ್ರಾಂ. ವಾರಕ್ಕೆ ನಾಲ್ಕು ದಿನ ಕೂರುತ್ತೇವೆ. ಒಟ್ಟು ವಾರಕ್ಕೆ 72 ಗ್ರಾಂ. ಮೂರು ವಾರ ನೀರು ಗಾಜಿನ ಹಾಗೆ ಇತ್ತು.

ದಿನ 26: ಒಂದೇ ಚಮಚ

ಕೆಮಿಕಲ್ ಎಲ್ಲ ಎಲ್ಲಿಟ್ಟಿದ್ದೆ ಗೊತ್ತಾ? ಟಬ್‌ನ ಪಕ್ಕದ ಬಾಗಿಲು ತೆಗೆದರೆ ಪಂಪು, ಹೀಟರ್ ಇರೋ ಜಾಗದಲ್ಲಿ. ಖಾಲಿ ಇತ್ತು, ಕೈಗೆ ಹತ್ತಿರ, ಮಳೆ ತಾಗಲ್ಲ. ಬೆಚ್ಚಗಿರುತ್ತೆ ಅನ್ನೋದು ಗಮನಕ್ಕೇ ಬರಲಿಲ್ಲ.

ಅವತ್ತು ಪಿಎಚ್ 7.9 ಇತ್ತು. ಟೀ ಚಮಚದಲ್ಲಿ ಡ್ರೈ ಆಸಿಡ್ ಅಳೆದು ನೀರಿಗೆ ಹಾಕಿ, ಚಮಚ ಅದೇ ನೀರಿನಲ್ಲಿ ಅದ್ದಿ ತೆಗೆದು, ಒರೆಸದೆ ಸೀದಾ ಡೈಕ್ಲೋರ್ ಡಬ್ಬಕ್ಕೆ ಇಳಿಸಿದೆ. ಸಣ್ಣಗೆ ಚುರ್ ಅಂತ ಸದ್ದು. ಚಮಚ ತಾಗಿದ ಕಡೆ ಪುಡಿ ಹಳದಿಯಾಗಿ ಗುಳ್ಳೆ ಎದ್ದು ಅಂಟಾಯಿತು, ಆಮೇಲೆ ಮೂಗಿಗೆ ಹೊಡೀತು ನೋಡಿ. ಎರಡು ಹೆಜ್ಜೆ ಹಿಂದೆ ಹಾರಿದೆ. ಕ್ಲೋರಿನ್ ಅನಿಲ. ಚಮಚಕ್ಕೆ ಅಂಟಿದ್ದ ಅಷ್ಟು ಚೂರು ಆಸಿಡ್‌ಗೇ ಇಷ್ಟು. ಡಬ್ಬವನ್ನು ಅಲ್ಲೇ ಬಿಟ್ಟು, ಮೂಗು ಮುಚ್ಚಿಕೊಂಡು ಗಾಳಿ ಬರೋ ಕಡೆ ಓಡಿ, ಕಾಲು ಗಂಟೆ ಬಿಟ್ಟು ವಾಪಸ್ ಬಂದೆ. ಕೆಮ್ಮು ರಾತ್ರಿ ತನಕ ಇತ್ತು.

ಆ ಭಾಗ ಗಟ್ಟಿಯಾಗಿ ಹೋಗಿತ್ತು. 400 ಗ್ರಾಂ ಹತ್ತಿರ. ಕಸದ ಬುಟ್ಟಿಗೆ ಹಾಕೋ ಹಾಗಿಲ್ಲ, ಅಲ್ಲಿರೋ ಎಣ್ಣೆ, ಕಾಗದ, ಇನ್ನೇನಕ್ಕೋ ತಾಗಿ ಬೆಂಕಿ ಏಳಬಹುದು. ಒಣಗಿದ ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಮುಚ್ಚಳ ಬಿಗಿ ಮಾಡದೆ, ಅಪಾಯಕಾರಿ ತ್ಯಾಜ್ಯ ತಗೊಳ್ಳೋರಿಗೆ ಒಯ್ದು ಕೊಟ್ಟೆ. ಏನು ಅಂತ ಬರೆದು ಅಂಟಿಸಿಯೇ ಕೊಟ್ಟೆ.

ಡಬ್ಬಗಳನ್ನು ಹೊರಗೆ ತೆಗೆಯುವಾಗ ಕಂಡಿದ್ದು ಇನ್ನೊಂದು. ಕಂಟ್ರೋಲ್ ಪೆಟ್ಟಿಗೆಯ ನಾಲ್ಕು ಸ್ಕ್ರೂಗಳೂ ತುಕ್ಕು. ಹೀಟರ್ ಕ್ಲಾಂಪ್ ಮೇಲೆ ಬಿಳಿ-ಹಸಿರು ಹಿಟ್ಟು. ಕೇವಲ 26 ದಿನಕ್ಕೆ! ಮುಚ್ಚಿದ ಡಬ್ಬದಿಂದಲೂ ಚೂರು ಚೂರು ಆವಿ ಬರುತ್ತೆ, ಬಿಸಿ ಜಾಗದಲ್ಲಿ ಜಾಸ್ತಿ ಬರುತ್ತೆ, ಲೋಹವನ್ನು ತಿನ್ನುತ್ತೆ. ಸ್ಕ್ರೂ ಬದಲಾಯಿಸಿದೆ. ಕ್ಲಾಂಪ್ ಉಜ್ಜಿ ಬಿಟ್ಟಿದ್ದೇನೆ, ಎಷ್ಟು ದಿನ ಬರುತ್ತೋ.

ದಿನ 39ರಿಂದ 41: ಟೆಸ್ಟ್ ಸರಿ, ಚರ್ಮ ಸರಿಯಿಲ್ಲ

ನಾಲ್ಕನೇ ವಾರದಿಂದ ನೀರು ಮಸುಕು. ಲೈಟ್ ಹಾಕಿದರೆ ತೆಳು ಹಾಲಿನ ಪರದೆ ಬಿಟ್ಟ ಹಾಗೆ. ಟೆಸ್ಟ್ ಪಟ್ಟಿ ಪ್ರತಿ ದಿನ ಕ್ಲೋರಿನ್ 3 ಅಂತಾನೇ ತೋರಿಸುತ್ತಿತ್ತು. ನೀರು ತಿಳಿ ಮಾಡೋ ದ್ರವ ಹಾಕಿದೆ. ಒಂದು ದಿನ ತಿಳಿಯಾಯಿತು, ಮರುದಿನ ಮತ್ತೆ ಅದೇ.

ದಿನ 39ಕ್ಕೆ ಇಬ್ಬರಿಗೂ ಮೈ ಮೇಲೆ ಸಣ್ಣ ಕೆಂಪು ಗುಳ್ಳೆ. ಈಜುಡುಗೆ ಮುಚ್ಚಿದ ಕಡೆಯೇ ಜಾಸ್ತಿ, ತುರಿಕೆ. ಎರಡು ದಿನ ಹಿಂದೆ ಕೂತಿದ್ದೆವು. ವೈದ್ಯರು ನೋಡಿದ ಕೂಡಲೇ ಟಬ್ ಇದೆಯಾ ಅಂತ ಕೇಳಿದರು. ಸ್ಯೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಕೂದಲ ಬುಡಕ್ಕೆ ಸೇರಿ ಬರೋದು. ವಾರದಲ್ಲಿ ತಾನೇ ಹೋಯಿತು. ಆದರೆ ಹೆದರಿಕೆ ಹೋಗಲಿಲ್ಲ. ಯಾಕೆಂದರೆ ಲೆಜಿಯೊನೆಲ್ಲಾ ಅನ್ನೋ ನ್ಯುಮೋನಿಯಾ ತರೋ ಬ್ಯಾಕ್ಟೀರಿಯಾ ಕೂಡ ಇಂಥದ್ದೇ ಬೆಚ್ಚಗಿನ ನೀರಿನಲ್ಲಿ ಬೆಳೆಯೋದು, ಅದು ನೀರಾವಿ ಜೊತೆ ಶ್ವಾಸಕೋಶಕ್ಕೆ ಹೋಗುತ್ತೆ.

ಕ್ಲೋರಿನ್ 3 ಇದ್ದೂ ಹೇಗೆ? ಪಟ್ಟಿಯಲ್ಲಿ ನಾನು ಯಾವತ್ತೂ ನೋಡದ ಒಂದು ಚೌಕ ಇತ್ತು, ಸಯನ್ಯೂರಿಕ್ ಆಸಿಡ್. ಬಿಸಿಲಿಗೆ ಕ್ಲೋರಿನ್ ಹಾಳಾಗದ ಹಾಗೆ ಹಿಡಿದಿಡೋದು, ಸ್ಟೆಬಿಲೈಸರ್ ಅಂತಾರೆ. ಅದು ಕಡು ಬಣ್ಣದ ತುದಿಗೆ ಹೋಗಿ ನಿಂತಿತ್ತು. ಪಟ್ಟಿ ನಂಬದೆ ಸರಿಯಾದ ಕಿಟ್ ತಂದೆ. ಈ ಟೆಸ್ಟ್ ನೋಡೋಕೆ ಮಜಾ: ನೀರಿಗೆ ರಾಸಾಯನಿಕ ಬೆರೆಸಿದರೆ ಹಾಲಿನ ಹಾಗೆ ಬಿಳಿಯಾಗುತ್ತೆ, ಅದನ್ನು ತೆಳು ಕೊಳವೆಗೆ ಸ್ವಲ್ಪ ಸ್ವಲ್ಪ ಸುರಿಯುತ್ತಾ ಮೇಲಿನಿಂದ ತಳದ ಕಪ್ಪು ಚುಕ್ಕೆ ನೋಡಬೇಕು, ಚುಕ್ಕೆ ಕಾಣದೆ ಹೋದ ಕಡೆ ಇರೋ ಅಂಕಿ ಓದಬೇಕು. ನಾನು ಸುರಿಯೋಕೆ ಶುರು ಮಾಡೋ ಮುಂಚೆಯೇ ಚುಕ್ಕೆ ಹೋಯಿತು. ಅರ್ಧಕ್ಕರ್ಧ ನಲ್ಲಿ ನೀರು ಬೆರೆಸಿ ಮತ್ತೆ ಮಾಡಿದೆ. 70. ಅಂದರೆ 140 ಪಿಪಿಎಂ.

ಡೈಕ್ಲೋರ್ ಹಾಕಿದಾಗೆಲ್ಲ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ 9 ಪಿಪಿಎಂ ಸಯನ್ಯೂರಿಕ್ ಆಸಿಡ್ ಬಂದು ಕೂರುತ್ತೆ. ಕ್ಲೋರಿನ್ ಖರ್ಚಾಗುತ್ತೆ, ಇದು ಖರ್ಚಾಗಲ್ಲ. ವಾರಕ್ಕೆ 72 ಗ್ರಾಂ ಅಂದರೆ ವಾರಕ್ಕೆ 30. ಐದು ವಾರಕ್ಕೆ ಸ್ವಲ್ಪ ಕಡಿಮೆ, ಲೆಕ್ಕ ಕರಾರುವಾಕ್ಕಾಗಿ 140ಕ್ಕೇ ಬಂತು. ಇಷ್ಟಾದರೆ ಕ್ಲೋರಿನ್ ಬಹುಪಾಲು ಅದಕ್ಕೆ ಅಂಟಿಕೊಂಡು ಕೂತಿರುತ್ತೆ. ಟೆಸ್ಟ್‌ಗೆ ಸಿಗುತ್ತೆ, ಕೀಟಾಣುಗೆ ಬೇಕಾದ ವೇಗದಲ್ಲಿ ಸಿಗಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಾಟ್ ಟಬ್‌ಗೆ ಕ್ಲೋರಿನ್ ಕನಿಷ್ಠ 3, ಬ್ರೋಮಿನ್ ಆದರೆ ಕನಿಷ್ಠ 4 ಪಿಪಿಎಂ, ಪಿಎಚ್ 7.0ರಿಂದ 7.8 ಅನ್ನುತ್ತೆ. ಅದರ ಪಕ್ಕದಲ್ಲೇ ಹಾಟ್ ಟಬ್‌ಗೆ ಸಯನ್ಯೂರಿಕ್ ಆಸಿಡ್ ಇರೋ ಕ್ಲೋರಿನ್ ಬೇಡ ಅಂತಲೂ ಹೇಳುತ್ತೆ. ನಾನು 3 ಅನ್ನೋದನ್ನು ಮಾತ್ರ ಓದಿಕೊಂಡಿದ್ದೆ.

ದಿನ 42, 43: ಪೈಪ್ ತೊಳೆದಿದ್ದು

ನೀರು ಚೆಲ್ಲೋ ಮುಂಚೆ ಪೈಪ್ ಒಳಗಿನ ಲೋಳೆ ತೆಗೆಯೋ ದ್ರವ ಹಾಕಿ, ಫಿಲ್ಟರ್ ತೆಗೆದಿಟ್ಟು, ಜೆಟ್ (ಗಾಳಿ ಬೆರೆಸಿ ನೀರು ಚಿಮ್ಮಿಸೋ ನಳಿಕೆಗಳು) ಓಡಿಸಿದೆ. ಹೊಸ ಟಬ್, ಒಳಗೆ ಏನಿರುತ್ತೆ ಅಂದುಕೊಂಡಿದ್ದೆ. ಇಪ್ಪತ್ತು ನಿಮಿಷಕ್ಕೆ ನೊರೆ ಮೇಲೆ ಕಂದು-ಬೂದು ಚೂರುಗಳು ತೇಲಿ ಬಂದವು, ಒದ್ದೆ ಟಿಶ್ಯೂ ಕಾಗದ ಹರಿದು ಹಾಕಿದ ಹಾಗೆ. ಬೆರಳಲ್ಲಿ ಉಜ್ಜಿದರೆ ಜಾರುತ್ತೆ. ಇದರಲ್ಲಿ ನಾವು ತಲೆ ಒರಗಿಸಿ ಕೂತಿದ್ದೆವು. ರಾತ್ರಿ ಪೂರ್ತಿ ಬಿಟ್ಟು, ಮರುದಿನ ಚೆಲ್ಲಿ, ಒರೆಸಿ, ಇನ್ನೊಂದು ಸಲ ಸ್ವಲ್ಪ ನೀರು ತುಂಬಿಸಿ ಜೆಟ್ ಓಡಿಸಿ ಅದನ್ನೂ ಚೆಲ್ಲಿದೆ. ಫಿಲ್ಟರ್ ಹೊಸದು ಹಾಕಿದೆ.

ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಕಾರ್ಖಾನೆಯಲ್ಲಿ ಟಬ್‌ಗೆ ನೀರು ತುಂಬಿಸಿ ಪರೀಕ್ಷೆ ಮಾಡಿರುತ್ತಾರೆ, ಆ ನೀರು ಪೈಪಿನ ತಗ್ಗುಗಳಲ್ಲಿ ಎಷ್ಟೋ ದಿನ ನಿಂತಿರುತ್ತೆ.

ದಿನ 44: ಮೊದಲು ಪುಡಿ, ಆಮೇಲೆ ಬ್ಲೀಚ್

ಮೂರನೇ ಸಲ. ಈ ಸಲ ಲೆಕ್ಕ ಬರೆದುಕೊಂಡೇ ಶುರು ಮಾಡಿದೆ.

ಸ್ವಲ್ಪ ಸ್ಟೆಬಿಲೈಸರ್ ಇದ್ದರೆ ಕ್ಲೋರಿನ್ ಮುಚ್ಚಳವನ್ನೂ ಮೂಗನ್ನೂ ಅಷ್ಟು ಕಾಡಲ್ಲ. ಸಿಡಿಸಿ ಬೇಡ ಅಂದರೂ ನಾನು 30ರಲ್ಲಿ ನಿಲ್ಲಿಸೋದು ಅಂತ ಮಾಡಿದೆ, ಇದು ನನ್ನ ಆಯ್ಕೆ. 30 ಬರೋಕೆ ಡೈಕ್ಲೋರ್‌ನಿಂದ 33 ಪಿಪಿಎಂ ಕ್ಲೋರಿನ್ ಹೋಗಬೇಕು, ಅದಕ್ಕೆ 71 ಗ್ರಾಂ. ಒಂದೇ ಸಲ ಅಲ್ಲ, ದಿನಕ್ಕೆ ಹದಿನೈದು ಗ್ರಾಂ ಆಸುಪಾಸು, ಐದು ದಿನ. ಆರನೇ ದಿನದಿಂದ ಡೈಕ್ಲೋರ್ ಡಬ್ಬ ಮುಚ್ಚಿ ದ್ರವ ಬ್ಲೀಚ್, ಅದೂ ಕ್ಲೋರಿನ್ನೇ, ಆದರೆ ಅದರಲ್ಲಿ ಸ್ಟೆಬಿಲೈಸರ್ ಇಲ್ಲ. 71 ಗ್ರಾಂ! ನನ್ನ ಹತ್ತಿರ ಇದ್ದಿದ್ದು 5 ಕೆಜಿ ಡಬ್ಬ.

ಬ್ಲೀಚ್ ಸಾದಾ ಇರಬೇಕು. ಪರಿಮಳ ಬೇಡ, ಚಿಮ್ಮದ ಹಾಗೆ ಮಂದ ಮಾಡಿದ್ದು ಬೇಡ, ಸೋಪು ಬೆರೆತಿದ್ದು ಬೇಡವೇ ಬೇಡ, ಜೆಟ್ ಹಾಕಿದರೆ ನೊರೆ ಕುತ್ತಿಗೆ ತನಕ ಬರುತ್ತೆ. ನನ್ನದು ನೂರಕ್ಕೆ 6ರ ಶಕ್ತಿಯದ್ದು. 20 ಮಿಲಿ ಹಾಕಿದರೆ 1 ಪಿಪಿಎಂ. ಕೂತು ಎದ್ದ ದಿನ 140 ಮಿಲಿ, ಕೂರದ ದಿನ 40 ಮಿಲಿ. ವಾರಕ್ಕೆ 680 ಮಿಲಿ, ತಿಂಗಳಿಗೆ 3 ಲೀಟರ್ ಹತ್ತಿರ. ಹಾಕಿದ ಮೇಲೆ ಜೆಟ್ ಓಡಿಸಿ, ಮುಚ್ಚಳ ಅರ್ಧ ಗಂಟೆ ತೆರೆದೇ ಬಿಡುತ್ತೇನೆ. ಕೂರೋಕೆ ಮುಂಚೆ 4-5 ಇರಬೇಕು, 3ಕ್ಕಿಂತ ಕೆಳಗೆ ಯಾವತ್ತೂ ಬಿಡಲ್ಲ.

ಬ್ಲೀಚ್‌ಗೆ ಬದಲಾದ ಮೇಲೆ ಪಿಎಚ್ ಮೇಲೆ ಹೋಗುತ್ತಲೇ ಇತ್ತು. ಎರಡು ದಿನಕ್ಕೊಮ್ಮೆ 8. ಬ್ಲೀಚ್‌ದೇ ತಪ್ಪು ಅಂತ ಬೈದುಕೊಂಡೆ, ಆದರೆ ನಿಜವಾದ ಕಾರಣ ಜೆಟ್. ಗಾಳಿ ಗುಳ್ಳೆ ನೀರಿನಿಂದ ಇಂಗಾಲದ ಡೈಆಕ್ಸೈಡ್ ಎಬ್ಬಿಸಿ ಓಡಿಸುತ್ತೆ, ಪಿಎಚ್ ಏರುತ್ತೆ. ಆಲ್ಕಲಿನಿಟಿ ಜಾಸ್ತಿ ಇದ್ದಷ್ಟು ಏರೋದೂ ಜಾಸ್ತಿ. 110ರಿಂದ 60ಕ್ಕೆ ಇಳಿಸಿದೆ: 30 ಗ್ರಾಂ ಡ್ರೈ ಆಸಿಡ್ ಹಾಕೋದು, ಪಿಎಚ್ 7.2ರ ಹತ್ತಿರ ಬಂದ ಮೇಲೆ ಗಾಳಿ ತೆರೆದು ಜೆಟ್ ಓಡಿಸೋದು, ಪಿಎಚ್ ಏರಿದ ಮೇಲೆ ಮತ್ತೆ 30 ಗ್ರಾಂ. ಎರಡು ದಿನದಲ್ಲಿ ಐದು ಸಲ, 150 ಗ್ರಾಂ. ಆಮೇಲೆ 7.5ರ ಆಸುಪಾಸು ವಾರಗಟ್ಟಲೆ ನಿಂತಿತು. ಇಷ್ಟು ಉಪಯೋಗಕ್ಕೆ ಬಂದ ಡಬ್ಬಿ ಆ ಹನ್ನೊಂದರಲ್ಲಿ ಬೇರೆ ಯಾವುದೂ ಇಲ್ಲ.

ಟೆಸ್ಟ್ ಪಟ್ಟಿ ಬಿಟ್ಟೆ. ಈಗ ಪುಡಿ ಹಾಕಿ ಹನಿ ಎಣಿಸೋ ಕಿಟ್. 10 ಮಿಲಿ ನೀರು, ಪುಡಿ ಹಾಕಿದರೆ ಗುಲಾಬಿ, ಬಣ್ಣ ಹೋಗೋ ತನಕ ಹನಿ. ಒಂದು ಹನಿಗೆ 0.5 ಪಿಪಿಎಂ. ಕ್ಲೋರಿನ್ ಎಷ್ಟೇ ಜಾಸ್ತಿ ಇದ್ದರೂ ಇನ್ನೊಂದಿಷ್ಟು ಪುಡಿ ಹಾಕಿ ಎಣಿಸಬಹುದು, ಸೊನ್ನೆ ಅಂತ ಮೋಸ ಮಾಡಲ್ಲ. ಬಣ್ಣ ಹೋಲಿಸಿ ನೋಡೋ ಕಷ್ಟ ಇಲ್ಲ, ಸಂಜೆ ಮಬ್ಬಿನಲ್ಲೂ ನಡೆಯುತ್ತೆ.

ದಿನ 52: ಬಿಸಿಲಿಗಿಟ್ಟ ಬಾಟಲಿ

ಅಗತ್ಯಕ್ಕಿರಲಿ ಅಂತ ಬ್ಲೀಚ್ ಜಾಸ್ತಿ ತಂದು, ಹಳೇದೊಂದು ಬಾಟಲಿ ಬಿಸಿಲು ಬೀಳೋ ಕಿಟಕಿ ಪಕ್ಕ ಎಷ್ಟೋ ದಿನದಿಂದ ಇದ್ದಿದ್ದನ್ನೂ ಬಳಸೋಣ ಅಂತ ತೆಗೆದೆ. ಅದರಿಂದ 100 ಮಿಲಿ ಹಾಕಿದೆ. 5 ಏರಬೇಕಿತ್ತು. 3 ಏರಿತು. ಮರುದಿನ ಹೊಸ ಬಾಟಲಿಯಿಂದ 100 ಮಿಲಿ, ಸರಿಯಾಗಿ 5. ಶಾಖ, ಬೆಳಕು ಎರಡೂ ಬ್ಲೀಚ್‌ನ ಶಕ್ತಿ ತಿನ್ನುತ್ತವೆ. ಈಗ ಒಂದು ತಿಂಗಳಿಗಾಗುವಷ್ಟೇ ತರುತ್ತೇನೆ, ಬಾಟಲಿ ಮೇಲೆ ತಂದ ದಿನ ಬರೆಯುತ್ತೇನೆ, ಹೊಸ ಬಾಟಲಿ ತೆಗೆದ ದಿನ ಈ 100 ಮಿಲಿ ಪರೀಕ್ಷೆ ಮಾಡುತ್ತೇನೆ.

ದಿನ 60: ಇನ್ನೊಂದು ಸುಮ್ನೆ ಗಾಬರಿ

ಕ್ಲೋರಿನ್ ಇಲ್ಲದ ಶಾಕ್ ಪುಡಿ ಇತ್ತಲ್ಲ, ಪೊಟ್ಯಾಸಿಯಂ ಮೊನೊಪರ್ಸಲ್ಫೇಟ್. ನೆಂಟರು ಬಂದು ನಾಲ್ಕು ಜನ ಕೂತ ಮರುದಿನ 40 ಗ್ರಾಂ ಹಾಕಿದೆ. ಸಂಜೆ ಟೆಸ್ಟ್ ಮಾಡಿದರೆ ಕಟ್ಟಿಕೊಂಡ ಕ್ಲೋರಿನ್, ಅಂದರೆ ಬೆವರಿನ ಜೊತೆ ಸೇರಿ ಕೆಲಸಕ್ಕೆ ಬಾರದ್ದು, ಸಿಕ್ಕಾಪಟ್ಟೆ. ಅಯ್ಯೋ ನೀರು ಕೆಟ್ಟಿತು ಅಂತ ಬ್ಲೀಚ್ ಸುರಿಯೋಕೆ ಹೋದೆ. ಪುಣ್ಯಕ್ಕೆ ಮೊದಲು ಡಬ್ಬಿ ಓದಿದೆ. ಆ ಪುಡಿಯೇ ಟೆಸ್ಟ್‌ನಲ್ಲಿ ಕಟ್ಟಿಕೊಂಡ ಕ್ಲೋರಿನ್ ಅಂತ ಸುಳ್ಳು ಲೆಕ್ಕ ತೋರಿಸುತ್ತಂತೆ. ಮರುದಿನ ತಾನೇ ಇಳಿಯಿತು. ಅದು ಕೊಳೆ ಸುಡುತ್ತೆ, ಕೀಟಾಣು ಕಾಯೋ ಕೆಲಸ ಅದರದಲ್ಲ. ಬ್ಲೀಚ್ ಇರುವಾಗ ನನಗೆ ಬೇಕಾಗಿಲ್ಲ. ಮುಗಿದ ಮೇಲೆ ತರಲ್ಲ.

ಈಗ ಇಟ್ಟಿರೋ ರೀತಿ

ಟಬ್‌ನಿಂದ ದೂರ, ಬಿಸಿಲು ಬೀಳದ, ಗಾಳಿಯಾಡೋ ಸ್ಟೋರ್ ರೂಮ್. ಡೈಕ್ಲೋರ್ ಒಂದು ಗೋಡೆ ಕಡೆ, ಬೀಗದ ಕಪಾಟಿನ ಮೇಲಿನ ಹಲಗೆಯಲ್ಲಿ, ಅದರ ಜೊತೆ ಬೇರೆ ಏನೂ ಇಲ್ಲ. ಡ್ರೈ ಆಸಿಡ್ ಎದುರು ಗೋಡೆ ಕಡೆ, ಬೇರೆ ಪೆಟ್ಟಿಗೆ, ಅದಕ್ಕೂ ಬೀಗ. ಬ್ಲೀಚ್ ಬಾಗಿಲ ಪಕ್ಕದ ಮೂರನೇ ಪೆಟ್ಟಿಗೆಯಲ್ಲಿ, ನೆಲದ ಮೇಲೆ, ಪ್ಲಾಸ್ಟಿಕ್ ಟ್ರೇ ಒಳಗೆ. ದ್ರವವನ್ನು ಪುಡಿಗಿಂತ ಮೇಲೆ ಇಡೋದೇ ಇಲ್ಲ, ಸೋರಿದರೆ ಎಲ್ಲಿಗೆ ಹೋಗುತ್ತೆ ಅಂತ ದಿನ 26ಕ್ಕೇ ಮೂಗು ಕಲಿತಿದೆ. ಯಾವುದನ್ನೂ ಬೇರೆ ಡಬ್ಬಕ್ಕೆ ಸುರಿಯಲ್ಲ. ಪ್ರತಿ ಡಬ್ಬಕ್ಕೆ ಅದರದೇ ಚಮಚ, ದಾರದಲ್ಲಿ ಕಟ್ಟಿದ್ದೇನೆ: ಕೆಂಪು ದಾರ ಆಸಿಡ್, ಬಿಳಿ ದಾರ ಡೈಕ್ಲೋರ್. ಒದ್ದೆ ಕೈ ಒಳಗೆ ಹೋಗೋ ಹಾಗಿಲ್ಲ. ಪುಡಿಯನ್ನು ನೀರಿಗೆ ಹಾಕೋದು, ನೀರನ್ನು ಪುಡಿಗೆ ಅಲ್ಲ. ಒಂದನ್ನು ಹಾಕಿ ಜೆಟ್ ಓಡಿಸಿ, ಕಾಲು ಗಂಟೆ ಬಿಟ್ಟೇ ಇನ್ನೊಂದು.

ನಿಜವಾಗಿ ಬೇಕಾಗೋ ಸ್ಟಾಕ್ ಇಷ್ಟೇ: ಬ್ಲೀಚ್ 3 ಲೀಟರ್, ಡ್ರೈ ಆಸಿಡ್ ಅರ್ಧ ಕೆಜಿ, ಪೈಪ್ ತೊಳೆಯೋ ದ್ರವ ಒಂದು ಸಲಕ್ಕಾಗುವಷ್ಟು, ಕಿಟ್‌ನ ಪುಡಿ ಮತ್ತು ಹನಿ. ಮತ್ತೆ ಆ ಡಬ್ಬ.

ದಿನ 99ರಿಂದ 110

ಗ್ಯಾಲನ್ ಲೆಕ್ಕದಲ್ಲಿ ನೀರಿನ ಪ್ರಮಾಣವನ್ನು 3ರಿಂದ ಭಾಗಿಸಿ, ದಿನಕ್ಕೆ ಕೂರೋರ ಸಂಖ್ಯೆಯಿಂದ ಮತ್ತೆ ಭಾಗಿಸಿದರೆ ಎಷ್ಟು ದಿನಕ್ಕೆ ನೀರು ಬದಲಿಸಬೇಕು ಅಂತ ಬರುತ್ತೆ. 317 ಗ್ಯಾಲನ್, ಇಬ್ಬರು, 53 ದಿನ. ನಾನು 55ಕ್ಕೆ ಬದಲಿಸಿದೆ. ಚೆಲ್ಲೋ ಮುಂಚೆ ಸಯನ್ಯೂರಿಕ್ ಆಸಿಡ್ ನೋಡಿದೆ, ಚುಕ್ಕೆ ಸರಿಯಾಗಿ 30ಕ್ಕೆ ಮಾಯ. ಪೈಪ್ ತೊಳೆದಾಗ ಬರೀ ಬಿಳಿ ನೊರೆ, ಚೂರು ಒಂದೂ ಇಲ್ಲ. ನಾಲ್ಕನೇ ನೀರಿಗೆ ಮತ್ತೆ 71 ಗ್ರಾಂ ಹೋಯಿತು, ಈಗ ಬ್ಲೀಚ್ ನಡೆಯುತ್ತಿದೆ, ನಿನ್ನೆ ಸಂಜೆ ಒಂಬತ್ತು ಹನಿ, 4.5.

ಇವತ್ತು ಡೈಕ್ಲೋರ್ ಡಬ್ಬ ತೂಗಿದೆ. 4 ಕೆಜಿ 88 ಗ್ರಾಂ ಉಳಿದಿದೆ. ಒಂದು ಸಲಕ್ಕೆ 71 ಗ್ರಾಂ, 55 ದಿನಕ್ಕೊಮ್ಮೆ. ಇನ್ನೂ ಎಂಟೂವರೆ ವರ್ಷಕ್ಕೆ ಸಾಕು. ಹೆಂಡತಿ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಅಷ್ಟನ್ನೂ ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡಿದ್ದಾಳೆ.